ಇಪ್ಪತ್ತೊಂದು ಅಂಕಿಗಳು

ನನ್ನ ಮೇಜಿನ ಖಾನೆಯಲ್ಲಿ ಒಂದು ಹಳೆಯ ಕಾಗದವಿದೆ. ಶಾಲೆಯ ಮಕ್ಕಳು ಲೆಕ್ಕ ಮಾಡುವ ಪುಸ್ತಕದಿಂದ ಬಿಡಿಸಿದ ಹಾಳೆ ಅದು. ಅಂಚುಗಳು ಹಳದಿಗಟ್ಟಿವೆ, ಮಡಿಕೆಯ ಜಾಗದಲ್ಲಿ ಕಾಗದ ಸವೆದು ಬೆಳಕು ತೂರುವಂತಾಗಿದೆ. ಹಾಳೆಯ ತುಂಬ ಅಂಕಿಗಳು. ಎಲ್ಲಕ್ಕಿಂತ ಕೆಳಗೆ, ಎರಡು ಗೆರೆಗಳ ನಡುವೆ, ಒಂದು ಸಂಖ್ಯೆಯಿದೆ:

147573952589676412927

ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯನ್ನು ನಾನು ನಲವತ್ತು ವರ್ಷಗಳಿಗೂ ಮಿಗಿಲಾಗಿ ಬಲ್ಲೆ. ಕೆಲವರಿಗೆ ಬಾಲ್ಯದ ಊರಿನ ಹೆಸರು ನಾಲಗೆಯ ತುದಿಯಲ್ಲಿರುವಂತೆ ನನಗೆ ಈ ಅಂಕಿಗಳ ಸಾಲು ನೆನಪಿನಲ್ಲಿದೆ. ಇದು ನನಗೆ ಗಣಿತವನ್ನು ಕಲಿಸಿತು ಎಂದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾದೀತು. ಉಳಿದರ್ಧವನ್ನು ಹೇಳುವುದಕ್ಕೆ ಮೊದಲು ಈ ಸಂಖ್ಯೆಯ ಪರಿಚಯವಾಗಬೇಕು.

ಚದುರಂಗದ ಮಣೆಯ ಕಥೆಯನ್ನು ಕೇಳದವರು ವಿರಳ. ಮಣೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿ ಕಾಳುಗಳನ್ನು ಇಡುತ್ತ ಹೋದರೆ ಅರುವತ್ತನಾಲ್ಕು ಮನೆಗಳು ತುಂಬುವ ವೇಳೆಗೆ ಯಾವ ರಾಜನ ಕಣಜವೂ ಸಾಲದೆ ಹೋಗುತ್ತದೆ. ಆ ಕಾಳುಗಳ ಒಟ್ಟು ಎಣಿಕೆ 18446744073709551615. ಅಂಥ ಎಂಟು ಮಣೆಗಳ ಕಾಳುಗಳನ್ನು ಒಂದೇ ರಾಶಿಯಾಗಿ ಸುರಿದು, ಅದರ ಮೇಲೆ ಇನ್ನು ಏಳೇ ಏಳು ಕಾಳುಗಳನ್ನು ಹಾಕಿದರೆ ನಮ್ಮ ಸಂಖ್ಯೆ ದೊರೆಯುತ್ತದೆ. ಗಣಿತದ ಭಾಷೆಯಲ್ಲಿ ಇದನ್ನು ಬಹಳ ಚಿಕ್ಕದಾಗಿ ಹೇಳಬಹುದು: 2ನ್ನು ಅದರಿಂದಲೇ ಗುಣಿಸುತ್ತ 67ನೆಯ ಘಾತಕ್ಕೆ ಏರಿಸಿ, ಬಂದುದರಿಂದ 1ನ್ನು ಕಳೆಯಬೇಕು. ಒಂದು ಉಸಿರಿನಲ್ಲಿ ಹೇಳಿಬಿಡಬಹುದಾದ ಈ ಸಣ್ಣ ಮಾತಿನೊಳಗೆ ಅಷ್ಟು ದೊಡ್ಡ ರಾಶಿ ಅಡಗಿದೆ.

ಸಂಖ್ಯೆಯೊಂದರ ಸ್ವಭಾವವನ್ನು ಅರಿಯಬೇಕಾದರೆ ಅದು ಹೇಗೆ ಒಡೆಯುತ್ತದೆ ಎಂಬುದನ್ನು ನೋಡಬೇಕು. ಒಂದು ತರಗತಿಯಲ್ಲಿ ಅರುವತ್ತು ಮಕ್ಕಳಿದ್ದರೆ ಅವರನ್ನು ಐದರ, ಆರರ, ಹತ್ತರ, ಹನ್ನೆರಡರ ಸಾಲುಗಳಲ್ಲಿ ಒಬ್ಬರೂ ಉಳಿಯದಂತೆ ನಿಲ್ಲಿಸಬಹುದು. ಅವರ ಜೊತೆಗೆ ಹೊಸದಾಗಿ ಒಬ್ಬ ಹುಡುಗ ಬಂದು ಸೇರಿದನೆಂದರೆ ಡ್ರಿಲ್ ಮಾಸ್ತರರಿಗೆ ತೊಂದರೆ. ಅರುವತ್ತೊಂದು ಮಕ್ಕಳನ್ನು ಒಂದೇ ಉದ್ದನೆಯ ಸಾಲಿನಲ್ಲಿ ನಿಲ್ಲಿಸಬಹುದೇ ಹೊರತು ಸಮನಾದ ಹಲವು ಸಾಲುಗಳು ಆಗುವುದಿಲ್ಲ. 60 ಭಾಜ್ಯ ಸಂಖ್ಯೆ. 61 ಅವಿಭಾಜ್ಯ ಸಂಖ್ಯೆ. ಪ್ರತಿಯೊಂದು ಭಾಜ್ಯ ಸಂಖ್ಯೆಯೂ ಕೊನೆಗೆ ಕೆಲವು ಅವಿಭಾಜ್ಯಗಳ ಗುಣಲಬ್ಧವೇ ಆಗಿರುತ್ತದೆ; ಅದೂ ಒಂದೇ ಒಂದು ಬಗೆಯಲ್ಲಿ. ಎರಡಂಕಿಯ ಸಂಖ್ಯೆಗಳಲ್ಲಿ ಇದನ್ನು ಕಾಣುವುದು ಮಕ್ಕಳಾಟ. ಆದರೆ ಅಂಕಿಗಳು ಇಪ್ಪತ್ತೊಂದಾದಾಗ?

ಈ ಪ್ರಶ್ನೆಯ ಹಿಂದೆ ಒಂದು ದೀರ್ಘವಾದ ಚರಿತ್ರೆಯಿದೆ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ ನಗರದಲ್ಲಿ ಮರೇನ್ ಮರ್ಸೆನ್ ಎಂಬ ಸಂನ್ಯಾಸಿಯಿದ್ದರು. ಯೂರೋಪಿನ ವಿದ್ವಾಂಸರು ಪರಸ್ಪರ ಬರೆದುಕೊಳ್ಳುತ್ತಿದ್ದ ಕಾಗದಗಳೆಲ್ಲ ಅವರ ಕೈಮೂಲಕ ಹಾದುಹೋಗುತ್ತಿದ್ದವು ಎನ್ನುವಷ್ಟು ಅವರ ಒಡನಾಟ ವಿಸ್ತಾರವಾಗಿತ್ತು. 2ರ ಘಾತದಿಂದ 1ನ್ನು ಕಳೆದಾಗ ಬರುವ ಸಂಖ್ಯೆಗಳಲ್ಲಿ ಅವರಿಗೆ ವಿಶೇಷವಾದ ಆಸಕ್ತಿ. ಘಾತಾಂಕ 2 ಆದರೆ 3, 3 ಆದರೆ 7, 5 ಆದರೆ 31, 7 ಆದರೆ 127, ಇವೆಲ್ಲವೂ ಅವಿಭಾಜ್ಯಗಳು. ಘಾತಾಂಕವೇ ಭಾಜ್ಯವಾಗಿದ್ದರೆ ಬರುವ ಸಂಖ್ಯೆಯೂ ಭಾಜ್ಯವೇ. ಘಾತಾಂಕ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯವಾಗಲೇಬೇಕೆಂಬ ನಿಯಮವಿಲ್ಲ. ಘಾತಾಂಕ 11 ಆದಾಗ ಬರುವ 2047 ಎಂಬುದು 23 ಮತ್ತು 89ರ ಗುಣಲಬ್ಧ. 1644ರಲ್ಲಿ ಮರ್ಸೆನ್ ಒಂದು ಪಟ್ಟಿಯನ್ನು ಪ್ರಕಟಿಸಿದರು. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಇವು ಮಾತ್ರ ಅವಿಭಾಜ್ಯ ಸಂಖ್ಯೆಗಳನ್ನು ಕೊಡುತ್ತವೆ ಎಂಬುದು ಅವರ ಹೇಳಿಕೆ. ಆ ಪಟ್ಟಿಯಲ್ಲಿ 67 ಇದೆ. ಅಂದರೆ ನಮ್ಮ ಸಂಖ್ಯೆ ಅವಿಭಾಜ್ಯವೆಂದು ಅವರು ತಿಳಿದಿದ್ದರು.

ಅಂಥ ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸುವ ಸಾಧನ ಆ ಕಾಲದಲ್ಲಿ ಯಾರ ಬಳಿಯಲ್ಲಿಯೂ ಇರಲಿಲ್ಲ. ಆದುದರಿಂದ ಆ ಮಾತನ್ನು ಅಲ್ಲಗಳೆಯುವವರೂ ಇರಲಿಲ್ಲ, ಸಾಧಿಸುವವರೂ ಇರಲಿಲ್ಲ. ದೊಡ್ಡವರು ಹೇಳಿದ್ದಾರೆ ಎಂಬ ಒಂದೇ ಆಧಾರದ ಮೇಲೆ ಅದು ಇನ್ನೂರು ವರ್ಷಗಳಿಗೂ ಮಿಗಿಲಾಗಿ ನಿಂತಿತು.

1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲೂಕಾ ಎಂಬ ಗಣಿತಜ್ಞರು ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿದರು. ಆದರೆ ಅದರ ಒಂದು ಅಪವರ್ತನವನ್ನಾದರೂ ಅವರು ಹೇಳಲಿಲ್ಲ. ಇದು ಹೇಗೆ ಸಾಧ್ಯ ಎಂದು ಆಶ್ಚರ್ಯವಾಗಬಹುದು. ಮಡಕೆಯಲ್ಲಿ ಬಿರುಕಿದೆ ಎಂಬುದನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಕುಂಬಾರನು ಹೇಳಬಲ್ಲ. ಬಿರುಕು ಎಲ್ಲಿದೆ ಎಂದು ಕಾಣಬೇಕಾದ ಅಗತ್ಯ ಅವನಿಗಿಲ್ಲ. ಲೂಕಾ ಕಂಡುಕೊಂಡ ಪರೀಕ್ಷೆಯೂ ಇಂಥದೇ. ಅದನ್ನು 1930ರಲ್ಲಿ ಲೆಹ್ಮರ್ ಎಂಬ ಅಮೆರಿಕದ ಗಣಿತಜ್ಞರು ಸರಳವಾದ ರೂಪಕ್ಕೆ ತಂದರು. ಆ ರೂಪ ಹೀಗಿದೆ: 4ರಿಂದ ಪ್ರಾರಂಭಿಸಿ. ಅದರ ವರ್ಗದಿಂದ 2ನ್ನು ಕಳೆಯಿರಿ. ಬಂದುದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಆ ಶೇಷವನ್ನು ಮತ್ತೆ ವರ್ಗಮಾಡಿ 2ನ್ನು ಕಳೆಯಿರಿ. ಘಾತಾಂಕಕ್ಕಿಂತ ಎರಡು ಕಡಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಸೊನ್ನೆಯಾಗದಿದ್ದರೆ ಭಾಜ್ಯ. ಈ ನಿಯಮ 2ಕ್ಕಿಂತ ದೊಡ್ಡದಾದ ಅವಿಭಾಜ್ಯ ಘಾತಾಂಕಗಳಿಗೆ ಅನ್ವಯಿಸುತ್ತದೆ. 31ಕ್ಕೆ ಘಾತಾಂಕ 5; ಮೂರು ಹೆಜ್ಜೆಗಳು ಬೇಕು. 4ರಿಂದ 14, 14ರಿಂದ 194, ಅದರ ಶೇಷ 8, 8ರಿಂದ 62, ಅದರ ಶೇಷ 0. ಆದುದರಿಂದ 31 ಅವಿಭಾಜ್ಯ. 2047ಕ್ಕೆ ಒಂಬತ್ತು ಹೆಜ್ಜೆಗಳ ಕೊನೆಯಲ್ಲಿ 1736 ಉಳಿಯುತ್ತದೆ. 23ನ್ನೂ 89ನ್ನೂ ಹೆಸರಿಸದೆಯೇ 2047 ಒಡೆಯುವ ಸಂಖ್ಯೆಯೆಂದು ಇದರಿಂದ ಗೊತ್ತಾಗುತ್ತದೆ.

ಹೀಗೆ 1876ರಿಂದ ಮುಂದಿನ ಇಪ್ಪತ್ತೇಳು ವರ್ಷಗಳ ಕಾಲ ಗಣಿತ ಪ್ರಪಂಚ ಒಂದು ವಿಚಿತ್ರವಾದ ಸ್ಥಿತಿಯಲ್ಲಿತ್ತು. ಸಂಖ್ಯೆ ಒಡೆಯುತ್ತದೆ ಎಂಬುದು ನಿಶ್ಚಯ. ಹೇಗೆ ಒಡೆಯುತ್ತದೆ ಎಂಬುದು ಯಾರಿಗೂ ತಿಳಿಯದು.

1903ನೆಯ ಇಸವಿ ಅಕ್ಟೋಬರ್ 31ರಂದು ನ್ಯೂಯಾರ್ಕ್ ನಗರದಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆ ಸೇರಿತ್ತು. ಅದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕರು ದೊಡ್ಡ ಸಂಖ್ಯೆಗಳ ಅಪವರ್ತನವನ್ನು ಕುರಿತು ಪ್ರಬಂಧವನ್ನು ಮಂಡಿಸಬೇಕಾಗಿತ್ತು. ಆ ದಿನ ನಡೆದುದನ್ನು ಎರಿಕ್ ಟೆಂಪಲ್ ಬೆಲ್ ಎಂಬ ಗಣಿತಜ್ಞರು ತಮ್ಮ ಪುಸ್ತಕವೊಂದರಲ್ಲಿ ಬರೆದಿದ್ದಾರೆ. ಮಿತಭಾಷಿಯಾದ ಕೋಲ್ ಎದ್ದು ಕರಿಹಲಗೆಯ ಬಳಿಗೆ ಹೋದರು. ಒಂದು ಮಾತನ್ನೂ ಆಡದೆ 2ನ್ನು 67ನೆಯ ಘಾತಕ್ಕೆ ಏರಿಸಿ, 1ನ್ನು ಕಳೆದು, ಬಂದ ಸಂಖ್ಯೆಯನ್ನು ಬರೆದರು. ಅನಂತರ ಹಲಗೆಯ ಖಾಲಿ ಜಾಗಕ್ಕೆ ಸರಿದು ಎರಡು ಸಂಖ್ಯೆಗಳನ್ನು ಬರೆದು, ಶಾಲೆಯ ಹುಡುಗರಂತೆ ಒಂದೊಂದೇ ಸಾಲಾಗಿ ಗುಣಿಸಿದರು.

193707721 × 761838257287

ಎರಡು ಕಡೆಯ ಉತ್ತರಗಳೂ ಒಂದೇ ಆಗಿದ್ದವು. ಸಭೆ ಚಪ್ಪಾಳೆ ತಟ್ಟಿತು. ಕೋಲ್ ಮೌನವಾಗಿಯೇ ಹೋಗಿ ತಮ್ಮ ಸ್ಥಾನದಲ್ಲಿ ಕುಳಿತರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಬೆಲ್ ಮುಂದೊಮ್ಮೆ ವಿಚಾರಿಸಿದಾಗ ಕೋಲ್ ಅವರಿಂದ ಬಂದ ಉತ್ತರ: ಮೂರು ವರ್ಷಗಳ ಭಾನುವಾರಗಳು.

ಮೂರು ವರ್ಷಗಳ ಭಾನುವಾರಗಳೆಂದರೆ ಸುಮಾರು 156 ದಿನಗಳು. ಕುರುಡು ಹುಡುಕಾಟಕ್ಕೆ ಇಷ್ಟು ದಿನಗಳು ಏತಕ್ಕೂ ಸಾಲುವುದಿಲ್ಲ. ನಮ್ಮ ಸಂಖ್ಯೆಯ ಚಿಕ್ಕ ಅಪವರ್ತನ ಸುಮಾರು 1,214 ಕೋಟಿಯ ಒಳಗೆ ಎಲ್ಲಿ ಬೇಕಾದರೂ ಇರಬಹುದಾಗಿತ್ತು. ಆದರೆ ಇಂಥ ಸಂಖ್ಯೆಗಳಿಗೆ ಒಂದು ಅಪೂರ್ವವಾದ ಗುಣವಿದೆ. ಘಾತಾಂಕ 67 ಆಗಿದ್ದರೆ ಅದರ ಪ್ರತಿಯೊಂದು ಅವಿಭಾಜ್ಯ ಅಪವರ್ತನವನ್ನೂ 134ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಅದನ್ನು 8ರಿಂದ ಭಾಗಿಸಿದರೆ 1 ಇಲ್ಲವೆ 7 ಉಳಿಯಬೇಕು. ಈ ಎರಡು ಲಕ್ಷಣಗಳಿಲ್ಲದ ಸಂಖ್ಯೆಗಳನ್ನು ಮುಟ್ಟಿ ನೋಡಬೇಕಾದ ಅಗತ್ಯವೇ ಇಲ್ಲ. 2047ರಲ್ಲಿಯೂ ಇದೇ ನಿಯಮ: ಅಲ್ಲಿನ ಘಾತಾಂಕ 11, 23ನ್ನಾಗಲಿ 89ನ್ನಾಗಲಿ 22ರಿಂದ ಭಾಗಿಸಿದರೆ ಉಳಿಯುವುದು 1. ಇಷ್ಟು ಸೋಸಿದ ಮೇಲೂ 193707721ನ್ನು ಮುಟ್ಟುವ ಮೊದಲು ಏಳು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು ದಾರಿಯಲ್ಲಿ ನಿಂತಿರುತ್ತವೆ. ಒಂದೊಂದಕ್ಕೆ ಐದು ನಿಮಿಷದಂತೆ ದಿನಕ್ಕೆ ಎಂಟು ಗಂಟೆ ಭಾಗಿಸುತ್ತ ಕುಳಿತರೂ ಇಪ್ಪತ್ತು ವರ್ಷಗಳು ಬೇಕು. ಕೋಲ್ ಇನ್ನೂ ಸೂಕ್ಷ್ಮವಾದ ಉಪಾಯಗಳಿಂದ ಜರಡಿ ಹಿಡಿದು, ಬೇಡವಾದುದನ್ನೆಲ್ಲ ಕೆಳಗೆ ಉದುರಿಸುತ್ತ ಬಂದರು. ಅವರ ಕೆಲಸದಲ್ಲಿ ತಾಳ್ಮೆಯಷ್ಟೇ ಬುದ್ಧಿಯೂ ಇತ್ತು.

ಇನ್ನು ನನ್ನ ಕಥೆ.

ನಾನು ಉಪಾಧ್ಯಾಯನಾಗಿ ಕೆಲಸಕ್ಕೆ ಸೇರಿದ ಹೊಸತು. 1980ರ ಸುಮಾರು. ಬೆಲ್ ಅವರ ಪುಸ್ತಕವನ್ನು ಗ್ರಂಥಾಲಯದಿಂದ ತಂದು ಓದಿದ್ದೆ. ಕೋಲ್ ಅವರ ಮೌನ ನನ್ನ ಮನಸ್ಸನ್ನು ಸೆರೆಹಿಡಿದಿತ್ತು. ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಅದನ್ನು ಹಾಗೆಯೇ ಮಾಡಿ ತೋರಿಸಬೇಕೆಂಬ ಆಸೆ ಹುಟ್ಟಿತು. ಅದು ಗಣಿತದ ಮೇಲಿನ ಪ್ರೀತಿಯೊಂದೇ ಆಗಿರಲಿಲ್ಲ. ಮಕ್ಕಳು ನನ್ನನ್ನು ಬೆರಗಿನಿಂದ ನೋಡಲಿ ಎಂಬ ಬಯಕೆಯೂ ಅದರಲ್ಲಿ ಬೆರೆತಿತ್ತು.

ಒಂದು ಮಧ್ಯಾಹ್ನ ತರಗತಿಗೆ ಹೋದವನೇ ಕೋಲ್ ಅವರ ಕಥೆಯನ್ನು ಹೇಳಿದೆ. ಹಲಗೆಯ ಎಡಭಾಗದಲ್ಲಿ ಇಪ್ಪತ್ತೊಂದು ಅಂಕಿಗಳನ್ನು ಬರೆದೆ. ಬಲಭಾಗದಲ್ಲಿ ಎರಡು ಅಪವರ್ತನಗಳನ್ನು ಬರೆದು, ದೊಡ್ಡದರ ಕೆಳಗೆ ಚಿಕ್ಕದನ್ನು ಇಟ್ಟು ಗುಣಿಸತೊಡಗಿದೆ. ಕೋಲ್ ಅವರಂತೆ ನಾನೂ ಮಾತಾಡಲಿಲ್ಲ. ಸೀಮೆಸುಣ್ಣದ ಸದ್ದನ್ನು ಬಿಟ್ಟರೆ ತರಗತಿ ನಿಶ್ಶಬ್ದವಾಗಿತ್ತು. ಮಕ್ಕಳು ನನ್ನ ಸಾಲುಗಳನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಎಂಟು ಸಾಲುಗಳು ಮುಗಿದವು. ಗೆರೆ ಎಳೆದು ಬಲಗಡೆಯಿಂದ ಕೂಡತೊಡಗಿದೆ. 7, 2, 9, 2. ನಾಲ್ಕು ಅಂಕಿಗಳು ಎಡಭಾಗದ ಸಂಖ್ಯೆಯೊಡನೆ ಹೊಂದಿದವು. ಐದನೆಯದು 0 ಬಂದಿತು. ಬರಬೇಕಾದುದು 1.

ನನ್ನ ಬೆನ್ನು ತರಗತಿಯ ಕಡೆಗಿತ್ತು. ಆದುದರಿಂದ ನನ್ನ ಮುಖ ಯಾರಿಗೂ ಕಾಣಲಿಲ್ಲ. ಎಲ್ಲಿಯೋ ತಪ್ಪಾಗಿದೆ. ಗಂಟೆ ಬಾರಿಸಲು ಐದು ನಿಮಿಷಗಳು ಉಳಿದಿವೆ. ಎಂಟು ಸಾಲುಗಳಲ್ಲಿ ತಪ್ಪನ್ನು ಹುಡುಕುವುದಕ್ಕೆ ಸಮಯವಿಲ್ಲ. ಹಲಗೆಯ ಎಡಭಾಗದಲ್ಲಿ ಸರಿಯಾದ ಉತ್ತರ ನನ್ನನ್ನೇ ನೋಡುತ್ತಿದೆ. ನಾನು ಸೊನ್ನೆಯ ಬದಲು 1ನ್ನು ಬರೆದೆ. ಮುಂದಿನ ಅಂಕಿಗಳನ್ನೂ ಕೂಡುತ್ತಿರುವವನಂತೆ ತುಟಿ ಅಲ್ಲಾಡಿಸುತ್ತ, ಎಡಗಡೆಯಿಂದ ಕದ್ದು, ಒಂದೊಂದಾಗಿ ಬರೆದು ಮುಗಿಸಿದೆ. ಕೆಳಗೆ ಎರಡು ಗೆರೆ ಎಳೆದೆ. ತರಗತಿ ಚಪ್ಪಾಳೆ ತಟ್ಟಿತು. ಗಂಟೆ ಬಾರಿಸಿತು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಒಬ್ಬ ಹುಡುಗಿ ಉಪಾಧ್ಯಾಯರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಕೇಳಿದರೆ ಮಾತ್ರ ಮಾತಾಡುತ್ತಿದ್ದ ಹುಡುಗಿ. ಕೈಯಲ್ಲಿ ಲೆಕ್ಕದ ಪುಸ್ತಕ.

"ಏನಮ್ಮಾ?" ಎಂದೆ.

"ಸಾರ್, ನನಗೆ ಕೂಡೋದಕ್ಕೆ ಬರ್ತಾ ಇಲ್ಲ. ನಿನ್ನೆ ನೀವು ಬರೆದ ಸಾಲುಗಳನ್ನ ಮನೇಲಿ ನಾಲ್ಕು ಸಲ ಕೂಡಿದೆ. ನಾಲ್ಕು ಸಲವೂ ಒಂದೇ ತಪ್ಪು ಬರ್ತಿದೆ."

ಪುಸ್ತಕವನ್ನು ತೆರೆದು ತೋರಿಸಿದಳು. ಅವಳ ಉತ್ತರ 14762689196833702927. ಇಪ್ಪತ್ತೇ ಅಂಕಿಗಳು. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಲೆಕ್ಕವಿತ್ತು. ಹಿಂದಿನ ವಾರವಷ್ಟೇ ನಾನು ಒಂಬತ್ತರ ತಾಳೆಯನ್ನು ಕಲಿಸಿದ್ದೆ: ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡುತ್ತ ಒಂದಂಕಿಗೆ ಇಳಿಸುವುದು, ಗುಣಿಸಿದ ಎರಡು ಸಂಖ್ಯೆಗಳಿಗೂ ಉತ್ತರಕ್ಕೂ ಅದು ಹೊಂದುತ್ತದೆಯೇ ಎಂದು ನೋಡುವುದು. 193707721ರ ಅಂಕಿಗಳ ಮೊತ್ತ 37, ಅದರಿಂದ 10, ಅದರಿಂದ 1. ಇನ್ನೊಂದರ ಮೊತ್ತ 64, ಅದರಿಂದಲೂ 1. ಒಂದೊಂದಲೆ ಒಂದು. ಅವಳ ಉತ್ತರದ ಮೊತ್ತ 100, ಅದೂ 1. ಹಲಗೆಯ ಮೇಲಿದ್ದ ಉತ್ತರದ ಮೊತ್ತ 109, ಅದೂ 1.

"ತಾಳೆ ನೋಡಿದರೆ ಎರಡೂ ಸರಿ ಅಂತ ಬರ್ತಿದೆ ಸಾರ್. ಆದ್ರೆ ಎರಡೂ ಸರಿ ಇರೋದಕ್ಕೆ ಆಗಲ್ಲವಲ್ಲ. ನನ್ನದೇ ತಪ್ಪಿರಬೇಕು."

ನನಗೆ ತಪ್ಪಿಸಿಕೊಳ್ಳುವ ದಾರಿಯನ್ನು ಅವಳೇ ತೆರೆದು ಕೊಟ್ಟಿದ್ದಳು. "ಇನ್ನೊಂದು ಸಲ ಎಚ್ಚರದಿಂದ ಕೂಡಮ್ಮ" ಎಂಬ ಒಂದೇ ಮಾತು ಸಾಕಾಗಿತ್ತು. ಅವಳು ಮನೆಗೆ ಹೋಗಿ ಐದನೆಯ ಸಲವೂ, ಆರನೆಯ ಸಲವೂ ಸರಿಯಾಗಿಯೇ ಕೂಡುತ್ತಿದ್ದಳು. ಪ್ರತಿ ಸಲವೂ ತನಗೆ ಕೂಡಲು ಬಾರದೆಂದು ಇನ್ನಷ್ಟು ನಂಬುತ್ತಿದ್ದಳು. ಅವಳ ಮುಖದಲ್ಲಿ ನನ್ನ ಮೇಲಿನ ಅನುಮಾನ ಲೇಶವೂ ಇರಲಿಲ್ಲ. ಅನುಮಾನವಿದ್ದಿದ್ದರೆ ಒಂದು ವೇಳೆ ನಾನು ಗದರಿಸಿ ಕಳುಹಿಸುತ್ತಿದ್ದೆನೋ ಏನೋ. ಅವಳ ನಂಬಿಕೆಯೇ ನನ್ನನ್ನು ಕಟ್ಟಿಹಾಕಿತು.

"ನಿನ್ನ ಕೂಡುವಿಕೆ ಸರಿಯಾಗಿದೆ" ಎಂದೆ. "ತಪ್ಪಿರುವುದು ನನ್ನ ಸಾಲುಗಳಲ್ಲಿ. ತರಗತಿಗೆ ನಡೆ, ಹೇಳುತ್ತೇನೆ."

ಆ ದಿನ ಮೊದಲನೆಯ ಅವಧಿಯಲ್ಲಿ ನಡೆದುದನ್ನೆಲ್ಲ ಮಕ್ಕಳಿಗೆ ಹೇಳಿದೆ. ಐದನೆಯ ಅಂಕಿ ಹೊಂದದೆ ಹೋದುದನ್ನೂ, ಉಳಿದುದನ್ನು ನಾನು ನಕಲು ಮಾಡಿದುದನ್ನೂ ಮುಚ್ಚಿಡಲಿಲ್ಲ. ತರಗತಿ ಹಿಂದಿನ ದಿನಕ್ಕಿಂತ ಹೆಚ್ಚು ನಿಶ್ಶಬ್ದವಾಗಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ಕೈಯೆತ್ತಿ, "ಹಾಗಾದ್ರೆ ನಾವು ನಿನ್ನೆ ಚಪ್ಪಾಳೆ ತಟ್ಟಿದ್ದು ಯಾತಕ್ಕೆ ಸಾರ್?" ಎಂದ. ಅವನು ಕುಚೋದ್ಯಕ್ಕಾಗಿ ಕೇಳಿದುದಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ತಪ್ಪು ಎಲ್ಲಿದೆ ಎಂದು ಹುಡುಕೋಣ; ಸಿಕ್ಕಿದರೆ ಅದಕ್ಕೆ ತಟ್ಟಿ" ಎಂದೆ.

ಎಂಟು ಸಾಲುಗಳನ್ನು ಎಂಟು ಗುಂಪುಗಳಿಗೆ ಹಂಚಿದೆ. ಪ್ರತಿ ಗುಂಪೂ ತನ್ನ ಸಾಲನ್ನು ಮತ್ತೆ ಗುಣಿಸಿ ನೋಡಿತು. ಎಲ್ಲ ಸಾಲುಗಳೂ ಸರಿಯಾಗಿದ್ದವು! ಸಾಲುಗಳೂ ಸರಿ, ಕೂಡಿದುದೂ ಸರಿ. ಉತ್ತರ ಮಾತ್ರ ತಪ್ಪು. ನನಗೂ ಏನೂ ತೋಚದಾಯಿತು. ಆಗ ಹಿಂದಿನ ಬೆಂಚಿನಿಂದ ಆ ಹುಡುಗಿ ಮೆಲ್ಲಗೆ ಹೇಳಿದಳು:

"ಸಾರ್, ಸೊನ್ನೆಗೆ ಮನೆ ಬಿಟ್ಟಿಲ್ಲ."

193707721 ಎಂಬುದರ ನಡುವೆ ಒಂದು ಸೊನ್ನೆಯಿದೆ. ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆಯೇ ಆದುದರಿಂದ ಆ ಸಾಲನ್ನು ನಾನು ಬರೆದಿರಲಿಲ್ಲ. ಅದು ತಪ್ಪಲ್ಲ. ಆದರೆ ಸಾಲನ್ನು ಬಿಟ್ಟರೂ ಅದರ ಸ್ಥಾನವನ್ನು ಬಿಡುವಂತಿಲ್ಲ. ಮುಂದಿನ ಸಾಲನ್ನು ಎರಡು ಮನೆ ಎಡಕ್ಕೆ ಸರಿಸಿ ಬರೆಯಬೇಕು. ನಾನು ಒಂದೇ ಮನೆ ಸರಿಸಿದ್ದೆ. ಹೀಗಾಗಿ ನಾನು ಗುಣಿಸಿದುದು 193707721ರಿಂದ ಅಲ್ಲ, ಸೊನ್ನೆಯನ್ನು ನುಂಗಿದ 19377721ರಿಂದ. ಒಂಬತ್ತರ ತಾಳೆ ಇದನ್ನು ಏಕೆ ಹಿಡಿಯಲಿಲ್ಲ ಎಂಬುದೂ ಆಗ ಬೆಳಕಿಗೆ ಬಂದಿತು. ಅಂಕಿಗಳನ್ನು ಕೂಡುವಾಗ ಸೊನ್ನೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎರಡಕ್ಕೂ ಮೊತ್ತ 37. ಅಂಕಿಗಳು ಯಾವ ಸ್ಥಾನದಲ್ಲಿವೆ ಎಂಬುದನ್ನು ಆ ತಾಳೆ ನೋಡುವುದೇ ಇಲ್ಲ. ತಾಳೆ ಹೊಂದದಿದ್ದರೆ ಲೆಕ್ಕ ತಪ್ಪೆಂಬುದು ಖಂಡಿತ. ಹೊಂದಿದ ಮಾತ್ರಕ್ಕೆ ಲೆಕ್ಕ ಸರಿಯೆಂದು ಹೇಳಲಾಗದು.

ಅದೇ ದಿನ ಮಕ್ಕಳಿಗೆ ಹನ್ನೊಂದರ ತಾಳೆಯನ್ನು ಹೇಳಿಕೊಟ್ಟೆ. ಅದರಲ್ಲಿ ಬಲಗಡೆಯಿಂದ ಅಂಕಿಗಳನ್ನು ಒಂದನ್ನು ಕೂಡಿ, ಇನ್ನೊಂದನ್ನು ಕಳೆದು ಹೋಗಬೇಕು. ಬಂದುದನ್ನು 11ರಿಂದ ಭಾಗಿಸಿ ಶೇಷವನ್ನು ನೋಡಬೇಕು. ಅಂಕಿಯೊಂದು ಒಂದು ಮನೆ ಜರುಗಿದರೆ ಕೂಡುವುದು ಕಳೆಯುವುದಾಗಿ ಬದಲಾಗುವುದರಿಂದ ಸ್ಥಾನದ ತಪ್ಪು ಇದಕ್ಕೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಎರಡು ಅಪವರ್ತನಗಳ ಶೇಷಗಳು 9 ಮತ್ತು 8; ಅವುಗಳ ಗುಣಲಬ್ಧ 72; ಅದರ ಶೇಷ 6. ಸರಿಯಾದ ಉತ್ತರದ ಶೇಷವೂ 6. ಸೊನ್ನೆ ನುಂಗಿದ ಉತ್ತರದ ಶೇಷ 0. ಒಂಬತ್ತಕ್ಕೆ ಕಾಣದುದು ಹನ್ನೊಂದಕ್ಕೆ ಕಂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಯಾರಿಗೆ ಸಲ್ಲಬೇಕಾಗಿತ್ತೋ ಅವರಿಗೇ ಸಂದಿತು.

ಆ ಮೇಲೆ ಕಾಲ ಬಹಳ ಸರಿದಿದೆ. ಮರ್ಸೆನ್ ಅವರ ಪಟ್ಟಿಯನ್ನು ಮುಂದಿನವರು ಪೂರ್ತಿಯಾಗಿ ಪರಿಶೀಲಿಸಿದರು. ಅದರಲ್ಲಿ 67 ಮತ್ತು 257 ಇರಬಾರದಾಗಿತ್ತು. 61, 89, 107 ಇರಬೇಕಾಗಿತ್ತು. ಘಾತಾಂಕ 61ರ ಸಂಖ್ಯೆ ಅವಿಭಾಜ್ಯವೆಂದು 1883ರಲ್ಲಿ ತೋರಿಸಿದವರು ರಷ್ಯದ ಹಳ್ಳಿಯೊಂದರ ಪಾದ್ರಿಯಾದ ಇವಾನ್ ಪೆರ್ವುಶಿನ್. ಐದು ತಪ್ಪುಗಳಿದ್ದರೂ ಆ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂಬ ಹೆಸರು ಉಳಿದುಕೊಂಡಿತು. ಸರಿಯಾದ ಪ್ರಶ್ನೆಯನ್ನು ಎತ್ತಿದವರಿಗೆ ಲೋಕ ಕೊಡುವ ಮನ್ನಣೆ ಅದು. 2024ರಲ್ಲಿ ಕಂಡುಹಿಡಿದ ಇಂಥದೇ ಒಂದು ಅವಿಭಾಜ್ಯ ಸಂಖ್ಯೆಯ ಘಾತಾಂಕ 136279841. ಅದರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳಿವೆ.

ಕೋಲ್ ಮೂರು ವರ್ಷಗಳ ಭಾನುವಾರಗಳಲ್ಲಿ ಮಾಡಿದ ಕೆಲಸವನ್ನು ಈಗಿನ ಗಣಕಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಹಾಗಾದರೆ ಒಡೆಯುವ ಕಷ್ಟ ತೀರಿತೇ? ಇಲ್ಲ, ಅದು ಇನ್ನೂ ದೊಡ್ಡ ಸಂಖ್ಯೆಗಳ ಕಡೆಗೆ ಸರಿಯಿತು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಕೊಟ್ಟು, ಅವು ಯಾವುವು ಎಂದು ಕೇಳಿದರೆ ಉತ್ತರಿಸುವುದು ಬಹಳ ಕಷ್ಟ. ಹಾಲಿಗೆ ನೀರು ಬೆರೆಸುವುದು ಯಾರಿಗೂ ಸುಲಭ. ಬೆರೆತುದನ್ನು ಬೇರ್ಪಡಿಸಲು ಹಂಸವೇ ಬೇಕೆಂದು ನಮ್ಮ ಹಿರಿಯರು ಹೇಳಲಿಲ್ಲವೆ? ಈ ಕಷ್ಟವನ್ನೇ ಬೀಗವನ್ನಾಗಿ ಮಾಡಿಕೊಳ್ಳಬಹುದೆಂದು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ತೋರಿಸಿದರು. ಗುಟ್ಟಾದ ಸಂದೇಶಗಳನ್ನು ಕಾಯಲು 129 ಅಂಕಿಗಳ ಒಂದು ಭಾಜ್ಯ ಸಂಖ್ಯೆಯನ್ನು ಬಳಸಿ, ಸಾಧ್ಯವಾದರೆ ಒಡೆಯಿರಿ ಎಂದು ಲೋಕದ ಮುಂದಿಟ್ಟರು. ಅದು ಒಡೆದುದು 1994ರಲ್ಲಿ, ಸುಮಾರು 600 ಮಂದಿ ಸ್ವಯಂಸೇವಕರ ಯಂತ್ರಗಳು ತಿಂಗಳುಗಟ್ಟಲೆ ದುಡಿದ ಮೇಲೆ. 250 ಅಂಕಿಗಳ ಇನ್ನೊಂದು ಸಂಖ್ಯೆ 2020ರಲ್ಲಿ ಒಡೆಯಿತು.

ಲೂಕಾ ತೋರಿಸಿದ ವಿಚಿತ್ರವಾದ ಅಂತರ ಇಂದಿಗೂ ಹಾಗೆಯೇ ಇದೆ. ಸಂಖ್ಯೆ ಅವಿಭಾಜ್ಯವೋ ಭಾಜ್ಯವೋ ಎಂಬುದನ್ನು, ಅದು ಎಷ್ಟೇ ದೊಡ್ಡದಾಗಿರಲಿ, ಖಚಿತವಾಗಿಯೂ ಕ್ಷಿಪ್ರವಾಗಿಯೂ ನಿರ್ಧರಿಸುವ ವಿಧಾನವನ್ನು 2002ರಲ್ಲಿ ನಮ್ಮ ದೇಶದ ಕಾನ್ಪುರದ ಐ.ಐ.ಟಿ.ಯಲ್ಲಿ ಮಣೀಂದ್ರ ಅಗರ್‌ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬವರು ಕಂಡುಹಿಡಿದು ಹೆಸರಾದರು. ಆದರೆ ಭಾಜ್ಯವೆಂದು ತಿಳಿದ ಮೇಲೆ ಅದನ್ನು ಒಡೆದು ತೋರಿಸುವ ಕೆಲಸ, ಸಂಖ್ಯೆ ಸಾಕಷ್ಟು ದೊಡ್ಡದಾದರೆ, ನಮ್ಮ ಯಂತ್ರಗಳನ್ನೂ ದಣಿಸುತ್ತದೆ.

ಇದನ್ನೆಲ್ಲ ಓದುವಾಗ ನನಗೆ ನೆನಪಾಗುವುದು ಆ ಎರಡು ದಿನಗಳು. ಕೋಲ್ ಅವರ ಮೌನವನ್ನು ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. ಬೆರಗುಗೊಳಿಸುವುದಕ್ಕಾಗಿ ಅವರು ಮೌನವಾಗಿದ್ದರೆಂದು ನಾನು ತಿಳಿದಿದ್ದೆ. ಮಾತಿನ ಅಗತ್ಯವೇ ಇರಲಿಲ್ಲವಾದುದರಿಂದ ಅವರು ಮೌನವಾಗಿದ್ದರು. ಹಲಗೆಯ ಮೇಲಿನ ಪ್ರತಿಯೊಂದು ಅಂಕಿಯನ್ನೂ ಯಾರು ಬೇಕಾದರೂ ತಾವೇ ಪರೀಕ್ಷಿಸಿ ನೋಡಬಹುದಾಗಿತ್ತು. ಅವರನ್ನು ನಂಬಬೇಕಾದ ಅವಶ್ಯಕತೆ ಯಾರಿಗೂ ಇರಲಿಲ್ಲ. ನನ್ನ ಮೌನವಾದರೋ ತಪ್ಪನ್ನು ಮುಚ್ಚುವ ಮೌನ. ಅದಕ್ಕೆ ಮಕ್ಕಳ ನಂಬಿಕೆಯೇ ಬೇಕಾಗಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆ. ಒಂಬತ್ತರ ತಾಳೆಗೆ ಅವುಗಳ ಅಂತರ ಸಿಕ್ಕದು.

ಮೇಜಿನ ಖಾನೆಯಲ್ಲಿರುವ ಹಾಳೆ ಆ ಹುಡುಗಿಯದು. ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿ, ಮೂರನೆಯ ದಿನ ತಂದು ಕೊಟ್ಟಳು. ನನ್ನ ಹಾಗೆ ಸೊನ್ನೆಯ ಸಾಲನ್ನು ಅವಳು ಬಿಟ್ಟಿಲ್ಲ. ಬಲದಿಂದ ಐದನೆಯ ಮನೆಯಿಂದ ಆರಂಭಿಸಿ, ಹನ್ನೆರಡು ಅಂಕಿಗಳ ಕೆಳಗೆ ಹನ್ನೆರಡು ಸೊನ್ನೆಗಳನ್ನು ದುಂಡಗೆ ಬರೆದು ತುಂಬಿದ್ದಾಳೆ. ಹಾಳೆಯ ಮೂಲೆಯಲ್ಲಿ ಒಂಬತ್ತರ ತಾಳೆ ಇದೆ, ಹನ್ನೊಂದರ ತಾಳೆಯೂ ಇದೆ. ಉತ್ತರ ಗೊತ್ತಿದ್ದರೂ ಈ ಹಾಳೆಯನ್ನು ನಾನು ಆಗಾಗ ಹೊರತೆಗೆದು, ಬಲಗಡೆಯಿಂದ ಒಂದೊಂದೇ ಅಂಕಿಯಾಗಿ ಕೂಡುತ್ತ ಬರುತ್ತೇನೆ. ಐದನೆಯ ಅಂಕಿ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ. ಅಲ್ಲಿ 1 ಇದೆ. ಈ ಸಲ ಅದು ಕೂಡಿದಾಗ ಬಂದುದು.